ನಗೆಯೊಳಗಿನ ಮುಳ್ಳು

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನವಲಗುಂದ ತಾಲೂಕಿನ ತಿರ್ಲಾಪುರವಿರಲಿ, ಧಾರವಾಡ ಜಿಲ್ಲೆಯ ಬೇರಾವ ಹಳ್ಳಿಯೇ ಇರಲಿ, ಕಟ್ಟೆಯ ಮೇಲೆ ನಾಲ್ಕು ಜನ ಕೂಡಿದರೆ ಚೇಷ್ಟೆಯ ಮಾತಿಗೆ ಬರವಿಲ್ಲ. ನಗು ದೇವರು ಕೊಟ್ಟ ವರವೇ ಸರಿ. ಆದರೆ ಅದೇ ಕಟ್ಟೆಯ ಮೇಲೆ ಒಬ್ಬನು ‘ಕುಂಟ’ನಾಗುತ್ತಾನೆ, ಇನ್ನೊಬ್ಬನು ‘ಕರಿಯ’ನಾಗುತ್ತಾನೆ. ಹೆತ್ತವರು ಇಟ್ಟ ಹೆಸರು, ಜ್ಞಾನಸ್ನಾನದಲ್ಲಿ ಕರೆದ ಹೆಸರು ಊರಿಗೆ ಮರೆತೇಹೋಗುತ್ತದೆ.

ಈ ನೋವು ನಮ್ಮ ಭಾಗದವರಿಗೆ ಅಪರಿಚಿತವಲ್ಲ. ದುಡಿಮೆಗಾಗಿ ಗೋವೆಗೆ ಹೋದ ಉತ್ತರ ಕರ್ನಾಟಕದ ಕೂಲಿಕಾರರನ್ನು ಅಲ್ಲಿ ‘ಘಾಂಟಿ’ ಎಂದು ಹೀಗಳೆಯುವುದುಂಟು. ಘಟ್ಟದ ಆಚೆಯವನು ಎಂಬ ಅರ್ಥದ ಮಾತು ಬಳಕೆಯಲ್ಲಿ ಬೈಗುಳಾಗಿದೆ. ಕನ್ನಡ ಚಲನಚಿತ್ರಗಳಲ್ಲಿಯೂ ನಮ್ಮ ಆಡುನುಡಿಯನ್ನು ಬಹುಕಾಲ ನಗೆಪಾತ್ರಗಳ ಬಾಯಿಗೆ ಹಾಕಲಾಯಿತು. ಕ್ರೈಸ್ತ ಪಾತ್ರವೆಂದರೆ ಹರಕುಕನ್ನಡದ ಕುಡುಕನೆಂದು ತೋರಿಸಿದ್ದೂ ಉಂಟು. ಇಷ್ಟನ್ನು ಉಂಡ ನಮ್ಮ ಮನೆಗಳಲ್ಲಿಯೇ ನೆರೆಯವರ ಜಾತಿಯ ಬಗ್ಗೆ, ಸೊಸೆಯ ಮೈಬಣ್ಣದ ಬಗ್ಗೆ, ಮಕ್ಕಳಿಲ್ಲದವಳ ಬಗ್ಗೆ ಚಟಾಕಿ ಹಾರುವುದಾದರೆ, ನೋವು ನಮಗೆ ಏನನ್ನು ಕಲಿಸಿತು?

‘ತಮಾಷೆಗೆ ಅಂದೆ’ ಎಂಬುದು ಸಿದ್ಧ ಸಮಾಧಾನ. ಬೈದರೆ ತಿರುಗಿ ಕೇಳಬಹುದು. ನಗೆಯಾಡಿದರೆ ಕೇಳಿದವನೇ ಸಿಡುಕನೆನಿಸುತ್ತಾನೆ. ಆದುದರಿಂದ ಅವನೂ ಎಲ್ಲರೊಡನೆ ನಗುತ್ತಾನೆ. ಆ ನಗು ಒಪ್ಪಿಗೆಯಲ್ಲ, ಬೇರೆ ದಾರಿಯಿಲ್ಲದ ಮೌನ. ಉಚ್ಚಾರಣೆಗೆ ನಗೆಪಾಟಲಾದ ಮಗು ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಡುತ್ತದೆ. ಹಾಗೆ ನಕ್ಕವರಿಗೆ ಅದರ ಅರಿವೂ ಇರುವುದಿಲ್ಲ.

ಪ್ರಭು ಯೇಸುವೂ ಇಂತಹ ಮಾತಿಗೆ ಗುರಿಯಾದವರು. ನಜರೇತಿನಿಂದ ಒಳ್ಳೆಯದೇನು ಬಂದೀತು ಎಂದು ನತಾನಿಯೇಲನು ಕೇಳಿದ್ದನ್ನು ಸಂತ ಯೋವಾನ್ನರ ಶುಭಸಂದೇಶ ದಾಖಲಿಸಿದೆ. ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರನ ಗುರುತು ಹಿಡಿದದ್ದು ಅವನ ಗಲಿಲೇಯದ ನುಡಿಯಿಂದ. ಕೊನೆಗೆ ಸೈನಿಕರು ಯೇಸುವಿಗೆ ನಿಲುವಂಗಿ ತೊಡಿಸಿ, ಮೊಣಕಾಲೂರಿ, ಅರಸನೆಂದು ಅಣಕಿಸಿದರು. ಮುಳ್ಳಿನ ಕಿರೀಟವೂ ಅವರ ಪಾಲಿಗೆ ಒಂದು ತಮಾಷೆಯೇ ಆಗಿತ್ತು! ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ನಡೆಯುವ ನಾವು ಇದನ್ನು ನೆನೆಯಬೇಕು.

2024ರ ಜೂನ್ 14ರಂದು ದಿವಂಗತ ಪೋಪ್ ಫ್ರಾನ್ಸಿಸ್‌ರವರು ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್ನಿಗೆ ಬರಮಾಡಿಕೊಂಡು, ನಿಜವಾದ ಹಾಸ್ಯವು ಯಾರನ್ನೂ ಅವಮಾನಿಸದು, ಯಾರ ಕೊರತೆಯನ್ನೂ ಎತ್ತಿ ಆಡದು ಎಂಬ ಅರ್ಥದ ಮಾತುಗಳನ್ನಾಡಿದರು. ಅದೇ ವರ್ಷ ಜುಲೈ 8ರಂದು ನಮ್ಮ ಸುಪ್ರೀಂ ಕೋರ್ಟು, ಅಂಗವಿಕಲರ ಬದುಕನ್ನು ಅರಿಯಲು ನೆರವಾಗುವ ಹಾಸ್ಯ ಬೇರೆ, ಅವರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ತೀರ್ಪಿತ್ತಿತು. ಅಂಗವಿಕಲರನ್ನು ಹೀನಾಯಗೊಳಿಸಲೆಂದೇ ಸಾರ್ವಜನಿಕವಾಗಿ ಅವಮಾನಿಸಿದವರಿಗೆ 2016ರ ಕಾಯಿದೆಯಡಿ ಕನಿಷ್ಠ ಆರು ತಿಂಗಳ ಸೆರೆವಾಸವಿದೆ.

ಆದರೆ ಮನೆಯೊಳಗಿನ ಮಾತನ್ನೆಲ್ಲ ಕಾಯಿದೆಯೊಂದೇ ಕಾಯಲಾರದು. ಅಲ್ಲಿ ಅಂತಃಸಾಕ್ಷಿಯೇ ಕಾವಲು. ಈ ಮಾತನ್ನು ಆ ವ್ಯಕ್ತಿಯ ಎದುರಿಗೆ ಆಡಬಲ್ಲೆವೇ? ತಿರುಗಿ ಮಾತನಾಡುವ ಧೈರ್ಯ ಅವನಿಗಿದೆಯೇ? ನಮ್ಮ ಮಗುವಿಗೆ ಯಾರಾದರೂ ಹೀಗೆಯೇ ಅಂದರೆ ಸಹಿಸುವೆವೇ? ಮಾತಿಗೆ ಮುನ್ನ ಈ ಮೂರನ್ನು ಕೇಳಿಕೊಳ್ಳೋಣ. ಯಾರಾದರೂ ಅಡ್ಡಹೆಸರಿನಿಂದ ಕರೆದಾಗ ನಾವು ನಿಜನಾಮದಿಂದ ಕರೆಯೋಣ; ಚುಚ್ಚುಮಾತಿಗೆ ನಗದೆ ಸುಮ್ಮನಿರೋಣ. ಮಕ್ಕಳು ಕಲಿಯುವುದು ನಮ್ಮ ಉಪದೇಶದಿಂದಲ್ಲ, ನಾವು ಯಾವುದಕ್ಕೆ ನಗುತ್ತೇವೆ ಎಂಬುದರಿಂದ.