ಗಾಳಿಯ ಕಾಲುವೆ

ಕಮ್ಮಾರನ ಕುಲುಮೆಯ ಪಕ್ಕದಲ್ಲಿ ತೊಗಲಿನ ತಿದಿ ಉಸಿರಾಡುತ್ತಿದ್ದ ಕಾಲವು ಬಹಳ ದೂರದ್ದೇನೂ ಅಲ್ಲ. ತಿದಿಯನ್ನು ಒತ್ತಿದರೆ ಗಾಳಿಯು ಕೆಂಡವನ್ನು ಮುಟ್ಟುತ್ತಿತ್ತು. ಕೈ ನಿಂತರೆ ಗಾಳಿಯೂ ನಿಲ್ಲುತ್ತಿತ್ತು. ಇಂದು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಊರುಗಳಲ್ಲಿ ಮನೆಗೆ ಹೊಂದಿಕೊಂಡ ಸಣ್ಣ ಕಾರ್ಯಾಗಾರಗಳಿಗೆ ತಿದಿಯ ಬದಲು ಕಂಪ್ರೆಸರ್ ಎಂಬ ಯಂತ್ರವು ಬಂದಿದೆ. ಟ್ರ್ಯಾಕ್ಟರಿನ ಗಾಲಿಗೆ ಗಾಳಿ ತುಂಬಲು, ಕೂರಿಗೆಗೆ ಬಣ್ಣ ಸಿಂಪಡಿಸಲು, ತುಕ್ಕು ಹಿಡಿದ ನಟ್ಟನ್ನು ಬಿಚ್ಚಲು, ಯಂತ್ರದ ಸಂದಿಯ ಧೂಳನ್ನು ಹಾರಿಸಲು ಅದೊಂದೇ ಸಾಕು.

ಕಂಪ್ರೆಸರಿನ ಕಾರ್ಯವು ಸರಳವಾದುದು. ಅದರ ಪಿಸ್ಟನ್ ಹೊರಗಿನ ಗಾಳಿಯನ್ನು ಒಳಗೆಳೆದು, ಒತ್ತಿ, ಉಕ್ಕಿನ ಟ್ಯಾಂಕಿನಲ್ಲಿ ತುಂಬುತ್ತದೆ. ಉಷ್ಣತೆ ಬದಲಾಗದಿದ್ದರೆ ಒತ್ತಡ ಹೆಚ್ಚಿದಷ್ಟೂ ಗಾಳಿಯ ಗಾತ್ರ ಕುಗ್ಗುತ್ತದೆ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದನು. ಟ್ಯಾಂಕಿನ ಮಾಪಕವು ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಎಂದು ತೋರಿಸುವಾಗ, ವಾತಾವರಣದ ಒತ್ತಡವೂ ಸೇರಿ, ಎಂಟು ಪಾಲು ಗಾಳಿಯು ಒಂದು ಪಾಲಿನ ಜಾಗದಲ್ಲಿ ಅಡಗಿರುತ್ತದೆ. ಆ ಒತ್ತಡವು ಅಂಗೈಯಗಲದ, ಎಂದರೆ ನೂರು ಚದರ ಸೆಂಟಿಮೀಟರಿನ, ತಗಡಿನ ಮೇಲೆ ಏಳು ಕ್ವಿಂಟಲ್ ಜೋಳದ ಭಾರವನ್ನು ಹೇರಿದಂತೆ.

ಇಂತಹ ಗಾಳಿಯನ್ನು ಕೊಳವೆಯ ಮೂಲಕ ದೂರಕ್ಕೆ ಒಯ್ಯಬಹುದೆಂಬುದನ್ನು ಜಗತ್ತು ಕಂಡದ್ದು ಆಲ್ಪ್ಸ್ ಪರ್ವತದಲ್ಲಿ. ಫ್ರಾನ್ಸ್ ಮತ್ತು ಇಟಲಿಗಳ ನಡುವೆ 1857ರಲ್ಲಿ ಆರಂಭವಾದ ಸುರಂಗದ ಕೆಲಸವು ಕೈಯುಳಿಗಳಿಂದ ಕುಂಟುತ್ತಿರಲು, ಇಂಜಿನಿಯರ್ ಸೊಮೆಯೆ 1861ರಲ್ಲಿ ಒತ್ತಿದ ಗಾಳಿಯಿಂದ ನಡೆಯುವ ಕೊರೆಯುವ ಯಂತ್ರಗಳನ್ನು ಅಲ್ಲಿ ಬಳಕೆಗೆ ತಂದನು. 1871ರಲ್ಲಿ ಸುರಂಗವು ತೆರೆಯಿತು. ನಮ್ಮ ನಾಡಿನಲ್ಲಿ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿಯೂ ಬಂಡೆ ಕೊರೆಯಲು ಕೊಳವೆಗಳಲ್ಲಿ ಇಳಿದುಬರುವ ಗಾಳಿಯನ್ನು ಬಳಸುತ್ತಿದ್ದರು.

ಹತ್ತು ಹನ್ನೆರಡು ಮೀಟರ್ ಉದ್ದದ ಕಾರ್ಯಾಗಾರಕ್ಕೂ ಇದೇ ತತ್ತ್ವವು ಅನ್ವಯಿಸುತ್ತದೆ. ಕಂಪ್ರೆಸರ್ ಒಂದು ಮೂಲೆಯಲ್ಲಿದ್ದರೆ ಗಾಳಿ ಬೇಕಾಗುವುದು ಬಾಗಿಲಲ್ಲಿ, ಕೆಲಸದ ಮೇಜಿನಲ್ಲಿ, ಬಣ್ಣದ ಕೋಣೆಯಲ್ಲಿ. ಉದ್ದನೆಯ ರಬ್ಬರ್ ಕೊಳವೆ ನೆಲದ ಮೇಲೆ ಬಿದ್ದಿದ್ದರೆ ಕಾಲಿಗೆ ತೊಡರುತ್ತದೆ, ಗಾಲಿಗೆ ಸಿಕ್ಕು ಹರಿಯುತ್ತದೆ. ಆದುದರಿಂದ ಗೋಡೆಗುಂಟ ಸ್ಥಿರವಾದ ಕೊಳವೆಯನ್ನು ಹಾಕುವುದು ಲೇಸು. ಹೀಗೆ ಹಾಕುವವರು ಗಾಳಿಯನ್ನಷ್ಟೇ ನೆನೆದು, ಅದರೊಡನೆ ಬರುವ ನೀರನ್ನು ಮರೆತರೆ ಕೆಲಸ ಕೆಡುತ್ತದೆ.

ನೀರು ಎಲ್ಲಿಂದ ಬರುತ್ತದೆ? ಗಾಳಿಯಲ್ಲಿ ಆವಿಯ ರೂಪದ ನೀರು ಸದಾ ಇದ್ದೇ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಜಾಗವು ಸುಮಾರು 23 ಗ್ರಾಂ ಆವಿಯನ್ನು ಮಾತ್ರ ತಾಳಿಕೊಳ್ಳಬಲ್ಲದು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಆಷಾಢದ ಜಡಿಮಳೆ ಹಿಡಿದಾಗ ಗಾಳಿಯು ಈ ಮಿತಿಯ ಸಮೀಪದಲ್ಲಿರುತ್ತದೆ. ಅಂತಹ ಎಂಟು ಘನಮೀಟರ್ ಗಾಳಿಯಲ್ಲಿ 184 ಗ್ರಾಂ ನೀರುಂಟು. ಅದನ್ನು ಒಂದು ಘನಮೀಟರಿಗೆ ಒತ್ತಿ ತಣಿಸಿದರೆ 23 ಗ್ರಾಂ ಮಾತ್ರ ಆವಿಯಾಗಿ ಉಳಿದು, ಮಿಕ್ಕ 161 ಗ್ರಾಂ ನೀರಾಗಿ ಇಳಿಯುತ್ತದೆ. ಗಂಟೆಗೆ ಆರು ಘನಮೀಟರ್ ಗಾಳಿ ಸೆಳೆಯುವ ಸಣ್ಣ ಯಂತ್ರವು ನಾಲ್ಕು ಗಂಟೆ ನಡೆದರೆ ಸುಮಾರು ಅರ್ಧ ಲೀಟರ್ ನೀರು ಕೂಡುತ್ತದೆ! ಬಯಲುಸೀಮೆಯತ್ತ ಬಾಗಿದ ಸವಣೂರಿನಲ್ಲಿ ಬೇಸಗೆಯ ಒಣಗಾಳಿಯಿಂದ ಇಳಿಯುವ ನೀರು ಇದಕ್ಕಿಂತ ಬಹಳ ಕಡಿಮೆ.

ಈ ನೀರು ಬಣ್ಣದೊಡನೆ ಸಿಡಿದರೆ ಮೇಲ್ಮೈಯಲ್ಲಿ ಗುಳ್ಳೆಗಳೇಳುತ್ತವೆ. ಉಪಕರಣದೊಳಗೆ ಹೊಕ್ಕರೆ ಅದರ ಎಣ್ಣೆಯನ್ನು ತೊಳೆದು ತುಕ್ಕು ಹಿಡಿಸುತ್ತದೆ. ಟ್ಯಾಂಕಿನ ತಳದಲ್ಲಿ ನಿಂತರೆ ಉಕ್ಕಿನ ಗೋಡೆಯನ್ನು ಒಳಗಿನಿಂದಲೇ ತಿನ್ನುತ್ತದೆ.

ಪರಿಹಾರವನ್ನು ಅರಿಯಲು ಈ ನಾಡಿನ ಕೆರೆಗಳನ್ನು ನೆನೆಯಬಹುದು. ಹಾನಗಲ್ಲಿನ ಆನೆಕೆರೆಯಾಗಲಿ, ಹಿರೇಕೆರೂರು ಸೀಮೆಯ ಮದಗದ ಕೆರೆಯಾಗಲಿ, ಕೆರೆಯ ನೀರು ತೂಬಿನ ಮೂಲಕ ಕೆಳಗಿನಿಂದ ಹೊರಟು, ಇಳಿಜಾರನ್ನು ಹಿಡಿದು ಗದ್ದೆಯನ್ನು ಸೇರುತ್ತದೆ. ಗಾಳಿಯ ಕಾಲುವೆಯಲ್ಲಿ ನೀರಿಗೆ ಇಳಿಜಾರನ್ನು ಕೊಡಬೇಕು, ಗಾಳಿಯನ್ನು ಮಾತ್ರ ಮೇಲಿನಿಂದ ತೆಗೆಯಬೇಕು. ಇಡೀ ಯೋಜನೆಯ ತಿರುಳು ಇಷ್ಟೇ.

ಮುಖ್ಯ ಕೊಳವೆಯನ್ನು ಆಳೆತ್ತರಕ್ಕಿಂತ ಮೇಲೆ, ಗೋಡೆಗುಂಟ, ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರಾಗಿ, ಕಂಪ್ರೆಸರಿನಿಂದ ದೂರಕ್ಕೆ ಇಳಿಯುವಂತೆ ಹಾಕಬೇಕು. ಅದರ ಕೊನೆಯಲ್ಲಿ ನೀರು ಬಿಡುವ ನಲ್ಲಿಯಿರಬೇಕು. ಪ್ರತಿಯೊಂದು ಕವಲೂ ಮುಖ್ಯ ಕೊಳವೆಯ ಬೆನ್ನಿನಿಂದ ಮೇಲೆದ್ದು, ಊರುಗೋಲಿನ ಹಿಡಿಯಂತೆ ಬಾಗಿ, ಬಳಿಕ ಕೆಳಗಿಳಿಯಬೇಕು. ಗಾಳಿಯ ಬಾಯನ್ನು ಇಳಿಗೊಳವೆಯ ತುದಿಯಲ್ಲಿ ಇಡದೆ ಬದಿಯಲ್ಲಿಡಬೇಕು. ಅದರ ಕೆಳಗೆ ಗೇಣುದ್ದದ ತುಂಡು ಉಳಿದರೆ ತಪ್ಪಿಬಂದ ನೀರು ಅಲ್ಲಿ ನಿಲ್ಲುತ್ತದೆ. ಆ ತುಂಡಿಗೂ ಒಂದು ನಲ್ಲಿ ಬೇಕು. ಯಂತ್ರದ ನಡುಕವು ಕೊಳವೆಯ ಬೆಸುಗೆಗಳನ್ನು ಸಡಿಲಿಸದಂತೆ ಅವೆರಡರ ನಡುವೆ ಒತ್ತಡಕ್ಕೆ ತಕ್ಕ ಬಾಗುವ ಕೊಳವೆಯೊಂದನ್ನು ಜೋಡಿಸಬೇಕು.

ಕೊಳವೆಯ ಅಳತೆಯಲ್ಲಿ ಜಿಪುಣತನ ಸಲ್ಲದು. ಅಷ್ಟೇ ಗಾಳಿಯು ಅರ್ಧ ವ್ಯಾಸದ ಕೊಳವೆಯಲ್ಲಿ ಹರಿಯಬೇಕಾದರೆ ಘರ್ಷಣೆಯಿಂದಾಗುವ ಒತ್ತಡದ ನಷ್ಟವು ಸುಮಾರು ಮೂವತ್ತು ಪಟ್ಟಾಗುತ್ತದೆ. ಗಾಳಿಯ ಬಾಯಿಗಳನ್ನು ಕೆಲಸ ನಡೆಯುವ ಸ್ಥಳಗಳನ್ನು ನೋಡಿ ನಿಶ್ಚಯಿಸಬೇಕು: ಗಾಲಿಗಳಿಗಾಗಿ ಬಾಗಿಲ ಬಳಿ ಒಂದು, ಮೇಜಿನ ಬಳಿ ಒಂದು, ಬಣ್ಣಕ್ಕಾಗಿ ಒಂದು. ಬಣ್ಣದ ಬಾಯಿಗೆ ನೀರನ್ನು ಸೋಸುವ ಮತ್ತು ಒತ್ತಡವನ್ನು ತಗ್ಗಿಸುವ ಸಾಧನಗಳು ಅವಶ್ಯ.

ಬೇಸಾಯದ ಸೀಮೆಯಲ್ಲಿ ಕೊಳವೆಬಾವಿಗೆ ತಂದು ಉಳಿದ ಪಿವಿಸಿ ಪೈಪುಗಳು ಹಿತ್ತಲಿನಲ್ಲಿ ಬಿದ್ದಿರುವುದು ಸಾಮಾನ್ಯ. ಅವುಗಳ ಮೇಲೆ 6 ಅಥವಾ 10 ಕಿಲೋಗ್ರಾಂ ಒತ್ತಡವೆಂದು ಮುದ್ರಿತವಾಗಿರುವುದರಿಂದ ಗಾಳಿಗೂ ಅವೇ ಸಾಕೆಂದು ತೋರಬಹುದು. ಆದರೆ ಆ ಅಂಕಿಯು ನೀರಿಗೆ ಸಂಬಂಧಿಸಿದ್ದು. ನೀರು ಬಹುಮಟ್ಟಿಗೆ ಕುಗ್ಗದ ವಸ್ತು. ಪೈಪು ಬಿರಿದು ತುಸು ನೀರು ಹೊರಬಿದ್ದೊಡನೆ ಒತ್ತಡ ಇಳಿದುಹೋಗುತ್ತದೆ. ಗಾಳಿಯಾದರೋ ಒತ್ತಿಟ್ಟ ಬಿಲ್ಲುಸುರುಳಿಯಂತೆ. ಬಿರುಕು ಕಂಡೊಡನೆ ಹಲವು ಪಟ್ಟು ಹಿಗ್ಗಿ, ಪೈಪನ್ನು ಚೂರುಚೂರು ಮಾಡಿ, ಆ ಚೂಪಾದ ಚೂರುಗಳನ್ನು ಎಸೆಯುತ್ತದೆ. ಬಿಸಿಯಿಂದ ಮೆತ್ತಗಾಗಿ, ಬಿಸಿಲಿನಿಂದ ಪೆಡಸಾಗುವ ಪಿವಿಸಿಯನ್ನು ಗಾಳಿಯ ಕೆಲಸಕ್ಕೆ ಎಂದಿಗೂ ಬಳಸಬಾರದು. ಸತುವಿನ ಲೇಪವುಳ್ಳ ಕಬ್ಬಿಣ, ತಾಮ್ರ, ಇಲ್ಲವೆ ಗಾಳಿಗೆಂದೇ ತಯಾರಾದ ಅಲ್ಯೂಮಿನಿಯಂ ಕೊಳವೆಗಳು ಯೋಗ್ಯವಾದವು.

ಯಂತ್ರದ ಸ್ಥಳವನ್ನೂ ವಿಚಾರಿಸಿ ಆರಿಸಬೇಕು. ಶಿಗ್ಗಾಂವಿಯ ಹೆದ್ದಾರಿಯ ಬದಿಯಲ್ಲಿ ರಸ್ತೆಯ ಧೂಳುಂಟು. ಹಿರೇಕೆರೂರಿನಲ್ಲಿ ಗೋವಿನಜೋಳ ಒಕ್ಕುವಾಗ ಹೊಟ್ಟು ಹಾರುತ್ತದೆ. ಇವು ಒಳಸೇರಿದರೆ ಯಂತ್ರವು ಬೇಗ ಸವೆಯುತ್ತದೆ. ನೆರಳಿರುವ, ತಂಪಾದ, ಮಳೆಯ ಎರಚಲು ತಾಗದ, ಗಾಳಿಯಾಡುವ ಮೂಲೆಯೇ ಅದಕ್ಕೆ ತಕ್ಕುದು.

ಜೋಡಣೆ ಮುಗಿದ ಮೇಲೆ ಪ್ರತಿಯೊಂದು ಸಂದಿಗೂ ಸಾಬೂನಿನ ನೀರನ್ನು ಹಚ್ಚಿದರೆ ಸೋರುವ ಕಡೆ ಗುಳ್ಳೆಯೇಳುತ್ತದೆ. ಮಿತಿಮೀರಿದ ಒತ್ತಡವನ್ನು ಹೊರಬಿಡುವ ರಕ್ಷಣಾ ವಾಲ್ವನ್ನು ಯಾವ ಕಾರಣಕ್ಕೂ ಬಿಗಿದು ಮುಚ್ಚಬಾರದು. ಗಾಳಿಯ ಬಾಯನ್ನು ಮೈಯ ಕಡೆಗೆ ಹಿಡಿದು ಬಟ್ಟೆಯ ಧೂಳು ಕೊಡವುವುದು ಅಪಾಯಕರ. ರಭಸದ ಗಾಳಿಯು ಕಣ್ಣು ಕಿವಿಗಳನ್ನು ಕೆಡಿಸಬಲ್ಲದು, ಗಾಯದ ಮೂಲಕ ಚರ್ಮದೊಳಗೂ ನುಗ್ಗಬಲ್ಲದು.

ದಿನದ ಕೆಲಸ ಮುಗಿದಾಗ ಟ್ಯಾಂಕಿನ ತಳದ ನಲ್ಲಿಯನ್ನು ತೆರೆದರೆ ಕೆಂಬಣ್ಣದ ನೀರು ಹೊರಬರುತ್ತದೆ. ಆ ಕೆಂಪು ಟ್ಯಾಂಕಿನ ಗೋಡೆಯಿಂದ ಕರಗಿದ ಉಕ್ಕಿನ ತುಕ್ಕು. ಒಂದು ನಿಮಿಷದ ಈ ಕೆಲಸವನ್ನು ವರ್ಷಗಟ್ಟಲೆ ಬಿಟ್ಟರೆ ಗೋಡೆಯು ತೆಳುವಾಗಿ ಟ್ಯಾಂಕು ಒಂದು ದಿನ ಸಿಡಿಯಬಹುದು. ದಿನವೂ ತಪ್ಪದೆ ಮಾಡುವವನ ಮನೆಯವರು ಗೋಡೆಯ ಆಚೆ ನಿಶ್ಚಿಂತೆಯಿಂದ ಮಲಗಬಹುದು.