ಅದೇ ಕಥೆ, ಬೇರೆ ಭಾಷೆ: ರೀಮೇಕು ಚಿತ್ರಗಳ ವಿಚಾರ

ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳನ್ನು ಮಡಿಸಿಟ್ಟು ಎಲ್ಲರೂ ಒಂದು ವಾಗ್ವಾದವನ್ನು ಕೇಳುತ್ತ ಕುಳಿತುಬಿಟ್ಟರು. ವಾದಿಗಳು ಇಬ್ಬರೇ: ನಮ್ಮ ಹಳೆಯ ಸದಸ್ಯರಾದ ಹಿರಿಯರೊಬ್ಬರು, ಮತ್ತು ಕಾಲೇಜಿಗೆ ಹೋಗುವ ಅವರ ಮೊಮ್ಮಗ. ಹಿಂದಿನ ರಾತ್ರಿ ಮನೆಯಲ್ಲಿ 'ಅನುರಾಗ ಅರಳಿತು' ಚಿತ್ರ ನೋಡಿದ್ದರಂತೆ. ಹುಡುಗ, "ಅಜ್ಜ, ಇದು 'ಲಾಡ್ಲಾ'ದ ಕಾಪಿ ಅಲ್ವಾ?" ಎಂದು ಕೇಳಿಬಿಟ್ಟ. ಅಜ್ಜನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮೊದಲು ಇಸವಿ ನೋಡು ಮಾರಾಯ!" ಎಂದವರು ನನ್ನ ಕಡೆ ತಿರುಗಿ, ಇದನ್ನು ಪತ್ರಿಕೆಯಲ್ಲಿ ಬರೆದು ಹಾಕಲೇಬೇಕೆಂದು ಹಟ ಹಿಡಿದರು.

ಇಸವಿಯ ಲೆಕ್ಕ ಸುಲಭ. ಎಚ್. ಜಿ. ರಾಧಾದೇವಿಯವರ ಕಾದಂಬರಿಯನ್ನು ಆಧರಿಸಿದ 'ಅನುರಾಗ ಅರಳಿತು' ತೆರೆಗೆ ಬಂದುದು 1986ರಲ್ಲಿ. ರಾಜ್‌ಕುಮಾರ್, ಮಾಧವಿ, ಗೀತಾ ಅದರ ತಾರೆಯರು. 1992ರಲ್ಲಿ ಅದೇ ಕಥೆ ತೆಲುಗಿನಲ್ಲಿ ಚಿರಂಜೀವಿಯವರ 'ಘರಾನಾ ಮೊಗುಡು' ಆಯಿತು, ತಮಿಳಿನಲ್ಲಿ ರಜನೀಕಾಂತರ 'ಮನ್ನನ್' ಆಯಿತು. ಅನಿಲ್ ಕಪೂರ್ ಮತ್ತು ಶ್ರೀದೇವಿ ನಟಿಸಿದ 'ಲಾಡ್ಲಾ' ಬಂದುದು 1994ರಲ್ಲಿ. ಅಲ್ಲಿಗೆ ಅಜ್ಜನೇ ಗೆದ್ದಂತಾಯಿತು.

ಆದರೆ ಹುಡುಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಹಿಂದಿಯದೇ. ಮನಸ್ಸಿಗೆ ಇಸವಿಯ ಲೆಕ್ಕ ತಿಳಿಯದು. ಮೊದಲು ಕಂಡದ್ದೇ ಅದಕ್ಕೆ ಮೂಲ, ಆಮೇಲೆ ಕಂಡದ್ದು ನಕಲು. ಅಷ್ಟೇ ಅಲ್ಲ, ಹಳೆಯ ಪ್ರೇಕ್ಷಕನು ನೆನಪಿನಲ್ಲಿಟ್ಟುಕೊಂಡಿರುವುದು ಬರಿಯ ಚಿತ್ರವನ್ನಲ್ಲ. ನಮ್ಮ ಈ ಹಿರಿಯರು 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ನಾಲ್ಕು ವರ್ಷ ಹೋಟೇಲಿನ ಗಲ್ಲಾದಲ್ಲಿ ಕುಳಿತಿದ್ದವರು. ಆ ಕಾಲದಲ್ಲಿ ಊರಿಗೆ ಹೋದಾಗ, ಕಾರ್ಖಾನೆಯ ಕೆಲಸಗಾರನೊಬ್ಬ ಒಡತಿಯ ಎದುರು ತಲೆಯೆತ್ತಿ ನಿಂತು ಮಾತಾಡುವುದನ್ನು ಅವರು ಪರದೆಯ ಮೇಲೆ ಕಂಡರು. ಅದನ್ನು ಯಾವ ಹಿಂದಿ ನಟನು ಅವರಿಗೆ ಮತ್ತೆ ತೋರಿಸಿಯಾನು?

ಹಾಗೆಂದು ರೀಮೇಕುಗಳೆಲ್ಲ ಸೋಲಬೇಕೆಂದಿಲ್ಲ. ನೇಜಿಯನ್ನು ಕಿತ್ತು ಬೇರೆ ಗದ್ದೆಯಲ್ಲಿ ನೆಡುವವರು ನಾವು. ಕೆಲವು ಬೇರು ಬಿಡುತ್ತವೆ, ಕೆಲವು ಬಾಡುತ್ತವೆ. ಬಾಡಿದ್ದಕ್ಕೆ ನನಗೆ ತಿಳಿದ ದೊಡ್ಡ ನಿದರ್ಶನ 'ನಾಗರಹಾವು'.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಈ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಎರಡೇ ವರ್ಷಗಳ ತರುವಾಯ, 1974ರಲ್ಲಿ, ಅದು 'ಜಹರೀಲಾ ಇನ್ಸಾನ್' ಎಂಬ ಹೆಸರಿನಿಂದ ಹಿಂದಿಗೆ ಬಂತು. ನಿರ್ದೇಶಕರು ಅದೇ ಪುಟ್ಟಣ್ಣ. ಕೋಟೆ ಅದೇ ಚಿತ್ರದುರ್ಗ. ಜಲೀಲನ ಪಾತ್ರಕ್ಕೆ ಕನ್ನಡದಲ್ಲಿ ಆ ಪಾತ್ರದಿಂದಲೇ ಚಿತ್ರರಂಗಕ್ಕೆ ಕಾಲಿಟ್ಟಿದ್ದ ಅಂಬರೀಷರೇ ಬಂದರು. ಸಂಗೀತ ರಾಹುಲ್ ದೇವ್ ಬರ್ಮನ್ನರದು. ಕಿಶೋರ್ ಕುಮಾರ್ ಹಾಡಿದ ಒಂದು ಹಾಡು ಇಂದಿಗೂ ಕೇಳಿಬರುತ್ತದೆ. ಹೀಗಿದ್ದೂ ಚಿತ್ರ ನೆಲಕಚ್ಚಿತು.

ಏಕೆ? ನಾನೇನೂ ವಿಮರ್ಶಕನಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವನು; ಆದರೂ ತೋಚಿದ್ದನ್ನು ಹೇಳುತ್ತೇನೆ. ಕನ್ನಡದ ರಾಮಾಚಾರಿಯಾಗಿ ಬಂದ ವಿಷ್ಣುವರ್ಧನರಿಗೆ ನಾಯಕನಾಗಿ ಅದೇ ಮೊದಲ ಚಿತ್ರ. ಪ್ರೇಕ್ಷಕನ ಮನಸ್ಸಿನಲ್ಲಿ ಆ ಮುಖದ ಹಳೆಯ ಚಿತ್ರ ಯಾವುದೂ ಇರಲಿಲ್ಲ. ಬುಸುಗುಟ್ಟುತ್ತ ಬಂದವನನ್ನು ರಾಮಾಚಾರಿಯೆಂದೇ ನಂಬಿದರು. ಹಿಂದಿಯಲ್ಲಿ ಆ ಜಾಗಕ್ಕೆ ಬಂದವರು ರಿಷಿ ಕಪೂರ್. ಹಿಂದಿನ ವರ್ಷವಷ್ಟೇ 'ಬಾಬ್ಬಿ'ಯಲ್ಲಿ ಇಡೀ ದೇಶವೇ ಅವರನ್ನು ಮುದ್ದು ಮುಖದ ಪ್ರೇಮಿಯನ್ನಾಗಿ ಕಂಡಿತ್ತು. ಆ ಮುಖದಲ್ಲಿ ವಿಷವಿದೆಯೆಂದರೆ ಯಾರು ನಂಬುತ್ತಾರೆ? ಕನ್ನಡ ಚಿತ್ರವನ್ನು ಕಾಣದ ಹಿಂದಿಯವರಿಗೂ ಹೋಲಿಕೆಯ ತೊಡಕು ತಪ್ಪಲಿಲ್ಲ. ಅವರು ಹೋಲಿಸಿದ್ದು 'ಬಾಬ್ಬಿ'ಯೊಡನೆ, ಅಷ್ಟೇ.

ಎರಡನೆಯದು ಚಾಮಯ್ಯ ಮೇಷ್ಟ್ರು. ಹಿಂದಿಯಲ್ಲಿ ಪ್ರಾಣ್ ಅವರು ಮಾಸ್ಟರ್‌ಜೀ ಆದರು. ಆದರೆ ನಮ್ಮಲ್ಲಿ 'ಮೇಷ್ಟ್ರೇ' ಎಂದು ಕೂಗಿದರೆ ಅದರಲ್ಲಿ ಭಯವುಂಟು, ಸಲಿಗೆಯುಂಟು, ಮನೆಯ ಊಟದ ಋಣವೂ ಉಂಟು. ಅಶ್ವತ್ಥರು ಪಂಚೆ ಉಟ್ಟು ಬಂದು ನಿಂತರೆ, ನಮ್ಮ ನಮ್ಮ ಶಾಲೆಯ ಮೇಷ್ಟರೊಬ್ಬರು ಕಣ್ಣ ಮುಂದೆ ಬರುತ್ತಾರೆ. ಮಕ್ಕಳಿಲ್ಲದ ಆ ಮೇಷ್ಟ್ರು ಹೇಳಿದ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ತನ್ನ ಪ್ರೇಮವನ್ನೇ ಬಿಟ್ಟುಕೊಡುವುದು ಕಥೆಯ ಜೀವಾಳ. ಮಾತನ್ನು ಭಾಷಾಂತರಿಸಬಹುದು, ಆ ಋಣವನ್ನು ಹೊಸ ಊರಿನಲ್ಲಿ ಮೊದಲಿನಿಂದ ಕಟ್ಟಬೇಕಾಗುತ್ತದೆ. ಕೋಟೆಯೂ ಹಾಗೆಯೇ. ಓಬವ್ವನ ಕಥೆ ಕೇಳಿ ಬೆಳೆದವನಿಗೆ ಅದು ಚಿತ್ರದುರ್ಗ, ಉಳಿದವರಿಗೆ ಕಲ್ಲುಬಂಡೆ.

ಇಲ್ಲೊಂದು ತಮಾಷೆಯುಂಟು. ಕನ್ನಡ ಚಿತ್ರವನ್ನು ನೋಡಿದ ತ.ರಾ.ಸು., ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಬೇಸರಪಟ್ಟರೆಂಬ ಮಾತು ಚಿತ್ರಪ್ರೇಮಿಗಳಲ್ಲಿ ಪ್ರಸಿದ್ಧ. ನಾವು ಮೂಲವೆಂದು ಹೊತ್ತು ಮೆರೆಸುವುದೇ ಕಾದಂಬರಿಕಾರರಿಗೆ ಬಾಡಿದ ಸಸಿಯಾಗಿತ್ತು!

ಇನ್ನು ಬೇರು ಬಿಟ್ಟ ಸಸಿಗೆ ಬಾಂದ್ರಾದವರೆಗೆ ಹೋದರೆ ಸಾಕು. ಅಲ್ಲಿ ಸ್ಟುಡಿಯೋ ಕಟ್ಟಿದ ಮೆಹಬೂಬ್ ಖಾನ್ 1940ರಲ್ಲಿ 'ಔರತ್' ಎಂಬ ಚಿತ್ರ ತೆಗೆದಿದ್ದರು. ಹದಿನೇಳು ವರ್ಷ ಬಿಟ್ಟು ಅದೇ ಕಥೆಯನ್ನು ವರ್ಣದಲ್ಲಿ 'ಮದರ್ ಇಂಡಿಯಾ' ಮಾಡಿದರು. ಬಡ್ಡಿ ಸಾಹುಕಾರ ಸುಖೀಲಾಲನಾಗಿ ಎರಡರಲ್ಲಿಯೂ ಕನ್ಹಯ್ಯಾಲಾಲರೇ. ಆದರೆ ಮಧ್ಯೆ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. 1957ರ ಚಿತ್ರವು ಮುದುಕಿಯಾದ ತಾಯಿಯ ಕೈಯಿಂದ ನೀರಿನ ಕಾಲುವೆ ತೆರೆಸುವುದರೊಂದಿಗೆ ಆರಂಭವಾಗುತ್ತದೆ. ಅಂದರೆ ಅದೇ ಕಥೆಯನ್ನು ಎರಡನೆಯ ಸಲ ಹೇಳಲು ಅವರಿಗೆ ಒಂದು ಹೊಸ ಕಾರಣವಿತ್ತು. ಎರಡು ವರ್ಷದ 'ನಾಗರಹಾವಿ'ಗೆ, ಗೆದ್ದ ಸರಕನ್ನು ಇನ್ನೊಂದು ಪೇಟೆಯಲ್ಲಿ ಮಾರುವುದರ ಹೊರತು ಬೇರೆ ಕಾರಣ ನನಗೆ ಕಾಣದು.

ಕನ್ನಡಕ್ಕೆ ಬಂದ ರೀಮೇಕುಗಳ ಕಥೆಯೇ ಬೇರೆ. 1960ರ ದಶಕದಲ್ಲಿ ಡಬ್ಬಿಂಗ್ ಚಿತ್ರಗಳ ವಿರುದ್ಧ ಅ.ನ.ಕೃ. ಮೊದಲಾದವರು ಚಳವಳಿ ಹೂಡಿದ ಮೇಲೆ, ಹಲವು ದಶಕ ಕರ್ನಾಟಕದಲ್ಲಿ ಅಂಥ ಚಿತ್ರಗಳಿಗೆ ಎಡೆ ಇರಲಿಲ್ಲ. ಹೊರಗಿನ ಕಥೆ ಕನ್ನಡದಲ್ಲಿ ಬೇಕೆಂದರೆ ಕನ್ನಡದ ನಟರಿಂದ ಹೊಸದಾಗಿ ತೆಗೆಯಲೇಬೇಕು. ಇದರಿಂದ ನಮ್ಮವರಿಗೆ ಕೆಲಸ ಸಿಕ್ಕಿತು, ನಿಜ. ಆದರೆ ಬೆಂಗಳೂರಿನ ಪ್ರೇಕ್ಷಕ ತಮಿಳು ಮೂಲವನ್ನು ಮೊದಲೇ ನೋಡಿ ಬಂದು ಗೊಣಗುವುದೂ ಶುರುವಾಯಿತು.

ನಮ್ಮ ನೆರೆಹೊರೆಯ ಮರಾಠಿಗರ ಅಳಲೂ ಇದೇ. 2016ರ 'ಸೈರಾಟ್' ನೋಡಿ ಅತ್ತವರು, 2018ರಲ್ಲಿ ಅದೇ ಕಥೆ 'ಧಡಕ್' ಎಂದು ಉದಯಪುರಕ್ಕೆ ಹೋದಾಗ ಮುಖ ಸಿಂಡರಿಸಿದರು. ಪಾಟೀಲರ ಹುಡುಗಿ, ಬೆಸ್ತರ ಹುಡುಗ ಎಂಬ ಜಾತಿಯ ಮುಳ್ಳೇ ಅಲ್ಲಿ ಮೊಂಡಾಗಿತ್ತು. ಮುಳ್ಳು ಹೋದರೆ ಆ ಕಥೆಯಲ್ಲಿ ಉಳಿಯುವುದೇನು? ಅದರ ಕನ್ನಡ ರೂಪವಾದ 2017ರ 'ಮನಸು ಮಲ್ಲಿಗೆ'ಗೆ ಮೂಲದ ನಾಯಕಿ ರಿಂಕು ರಾಜಗುರು ಅವರನ್ನೇ ಕರೆತಂದಿದ್ದರು.

ಅಜ್ಜ ಮೊಮ್ಮಗನ ರಾಜಿ ಆಗಿದೆ. ತ.ರಾ.ಸು. ಅವರ 'ನಾಗರಹಾವು' ನಮ್ಮ ಕಪಾಟಿನದು ಸದ್ಯ ಅವರ ಮನೆಯಲ್ಲಿದೆ. ಹುಡುಗನಿಗೆ ಕನ್ನಡ ಓದಲು ಬಾರದು. ರಾತ್ರಿ ಊಟವಾದ ಮೇಲೆ ಅಜ್ಜ ನಾಲ್ಕು ನಾಲ್ಕು ಪುಟ ಓದಿ ಹೇಳುತ್ತಿದ್ದಾರಂತೆ. ಪುಸ್ತಕ ಹಿಂದಿರುಗಲು ತಡವಾದೀತು. ಬೇಕಾದವರು ನನ್ನಲ್ಲಿ ಹೆಸರು ಬರೆಸಿರಿ.