ಅಮಾಲ್ಫಿಯ ಅಂಚಿನಲ್ಲಿ

ಸೊರೆಂಟೊ ಪಟ್ಟಣವನ್ನು ಬಿಟ್ಟು ಒಂದು ಗಂಟೆ ಕಳೆಯುವಷ್ಟರಲ್ಲಿ ನನ್ನಾಕೆ ಮೌನವಾದಳು. ನಿಸರ್ಗದ ಚೆಲುವನ್ನು ಕಂಡು ಮೂಕಳಾಗಿರಬೇಕೆಂದು ನಾನು ಬಗೆದೆ. ತಿರುವೊಂದು ಮುಗಿದು ಅತ್ತ ನೋಡಿದರೆ, ಆಕೆ ಆಸನದ ಅಂಚನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಳು!

ದಕ್ಷಿಣ ಇಟಲಿಯಲ್ಲಿ, ನೇಪಲ್ಸ್ ನಗರದ ಕೆಳಗೆ, ಬೆಟ್ಟದ ಸಾಲೊಂದು ಮೆಡಿಟರೇನಿಯನ್ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ದಕ್ಷಿಣದ ಮಗ್ಗುಲೇ ಅಮಾಲ್ಫಿ ಕರಾವಳಿ. ಮೇಟಾದಿಂದ ವಿಯೆತ್ರಿಯವರೆಗೆ ಸುಮಾರು ೫೦ ಕಿಲೋಮೀಟರುಗಳ ರಸ್ತೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ, ಬೂರ್ಬನ್ ಅರಸರ ಕಾಲದಲ್ಲಿ, ಬಂಡೆಯನ್ನು ಕಡಿದು ಮಾಡಿದರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಅದರ ಬುಡದಲ್ಲಿ ನೀಲಿಯ ನೀರು. ೧೯೯೭ರಲ್ಲಿ ಯುನೆಸ್ಕೋ ಸಂಸ್ಥೆ ಈ ಕರಾವಳಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಗಳಲ್ಲಿ ಇದನ್ನು ಕಂಡು ಮರುಳಾಗದವರು ಯಾರು? ಬಾಡಿಗೆಯ ಕಾರಿನಲ್ಲಿ ಹೋಗೋಣವೆಂಬ ಸಲಹೆ ನನ್ನಾಕೆಯದೇ ಆಗಿತ್ತು.

ಆದರೆ ಚಿತ್ರಗಳು ಹೇಳದ ಸಂಗತಿಯೊಂದಿದೆ. ಇಟಲಿಯಲ್ಲಿ ವಾಹನಗಳು ಬಲಗಡೆಯಲ್ಲಿ ಸಾಗುತ್ತವೆ. ಚಾಲಕನು ಕೂರುವುದು ಎಡಗಡೆ. ನಾವು ಪಶ್ಚಿಮದಿಂದ ಪೂರ್ವಕ್ಕೆ ಹೊರಟುದರಿಂದ ಸಮುದ್ರವು ಬಲಕ್ಕೆ ಬಂದಿತು. ಎಂದರೆ ರಸ್ತೆಯ ತೀರ ಹೊರ ಅಂಚಿನಲ್ಲಿ ನನ್ನಾಕೆಯ ಆಸನ! ನನಗೂ ಕಡಲಿಗೂ ನಡುವೆ ಅವಳು. ಅವಳಿಗೂ ಕಡಲಿಗೂ ನಡುವೆ ಗಿಡ್ಡ ಗೋಡೆಯೊಂದೇ. ಸಲೆರ್ನೊ ಕಡೆಯಿಂದ ಹೊರಟಿದ್ದರೆ ಬೆಟ್ಟದ ಮಗ್ಗುಲಲ್ಲಿಯೇ ಸಾಗಬಹುದಾಗಿತ್ತು. ಈ ದಾರಿಯಲ್ಲಿ ಹೋಗಬಯಸುವ ದಂಪತಿಗಳು ಇದನ್ನು ಗಮನಿಸುವುದು ಕ್ಷೇಮ.

ನಾನು ಕಂಡ ಕರಾವಳಿಯಾದರೂ ಯಾವುದು? ತಿರುವು, ತಿರುವಿನಾಚೆ ಇನ್ನೊಂದು ತಿರುವು, ಮರೆಯಿಂದ ಕೇಳಿಬರುವ ಬಸ್ಸಿನ ಹಾರನ್ನು. ಕಡಲನ್ನು ನೋಡಲು ನನಗೆ ಬಿಡುವಿಲ್ಲ, ಅವಳಿಗೆ ಧೈರ್ಯವಿಲ್ಲ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ೧೯೫೩ರಲ್ಲಿ ಬರೆದ ಲೇಖನದಿಂದ ಹೆಸರಾದ ಪೊಸಿಟಾನೊ ಊರು ಬಂದಿತು. ಮನೆಗಳು ಒಂದರ ತಲೆಯ ಮೇಲೊಂದು ಕುಳಿತಂತಿರುವ ಊರು. ಕಾರು ನಿಲ್ಲಿಸಲು ಸ್ಥಳ ಸಿಗದೆ ಮುಂದೆ ಸಾಗಿದೆವು. ಬೇಸಗೆಯ ನೂಕುನುಗ್ಗಲನ್ನು ತಾಳಲಾರದೆ ಇಲ್ಲಿಯವರು ೨೦೨೨ರಲ್ಲಿ ಹೊರಗಿನ ಕಾರುಗಳಿಗೆ ಸಮ-ಬೆಸ ಅಂಕಿಗಳ ನಿಯಮವನ್ನು ತಂದರು. ನಮ್ಮ ಕಾರಿನ ಅಂಕಿ ಅಂದು ಸರಿಯಾಗಿತ್ತು; ಅದೃಷ್ಟವೆನ್ನಬೇಕೋ ದುರದೃಷ್ಟವೆನ್ನಬೇಕೋ ತಿಳಿಯದು.

ಪ್ರೈಯಾನೊ ದಾಟಿದ ಮೇಲೆ ಬಸ್ಸೊಂದು ಎದುರಿಗೇ ಬಂದು ನಿಂತಿತು. ಹಿಂದೆ ಕಾರುಗಳ ಸಾಲು. ನಾನು ಹಿಂದೆ ಸರಿಯಲೇಬೇಕು; ಎಷ್ಟು ಸರಿದರೆ ಗೋಡೆ ತಾಗೀತೆಂಬುದು ಕಾಣದು. ಆಗ ನನ್ನಾಕೆ ಮಾತಿಲ್ಲದೆ ಕೆಳಗಿಳಿದಳು. ಗೋಡೆಗೆ ಬೆನ್ನುಕೊಟ್ಟು ನಿಂತು, "ಬನ್ನಿ, ಇನ್ನೂ ಬನ್ನಿ, ಸಾಕು!" ಎಂದು ಕೈಸನ್ನೆ ಮಾಡತೊಡಗಿದಳು. ಒಂದು ಗೇಣಿನ ಅಂತರದಲ್ಲಿ ಬಸ್ಸು ದಾಟಿತು. ಅದರ ಚಾಲಕನು ಅವಳಿಗೆ ಕೈಯೆತ್ತಿ ವಂದಿಸಿದ. ನನ್ನ ಕಡೆಗೆ ನೋಡಲೇ ಇಲ್ಲ.

ಒಳಗೆ ಬಂದು ಕುಳಿತವಳ ಕೈ ನಡುಗುತ್ತಿತ್ತು. "ಈ ಕಡೆ ನೀವೊಮ್ಮೆ ಕೂತು ನೋಡಿ, ಆಗ ತಿಳಿಯುತ್ತದೆ" ಎಂದಳು. "ಕಾರು ಬೇಕೆಂದವಳು ನೀನಲ್ಲವೆ?" ಎಂದೆ. ಆಡಬಾರದ ಮಾತು. ಅಮಾಲ್ಫಿ ಬರುವವರೆಗೆ ಇಬ್ಬರೂ ತುಟಿ ಬಿಚ್ಚಲಿಲ್ಲ.

ಅಮಾಲ್ಫಿ ಇಂದು ಚಿಕ್ಕ ಊರು. ಮಧ್ಯಯುಗದಲ್ಲಿ ಮಾತ್ರ ಅದೊಂದು ನಾವಿಕ ಗಣರಾಜ್ಯ. ಪೂರ್ವದ ಬಂದರುಗಳವರೆಗೆ ಅದರ ವ್ಯಾಪಾರ. ಅಲ್ಲಿಯ ದೇವಾಲಯದ ಕಂಚಿನ ಬಾಗಿಲುಗಳು ಹನ್ನೊಂದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಬಂದವು. ೧೧೩೫ರಲ್ಲಿಯೂ ೧೧೩೭ರಲ್ಲಿಯೂ ಪೀಸಾದವರು ಊರನ್ನು ಸೂರೆಗೊಂಡರು. ೧೩೪೩ರಲ್ಲಿ ಉಕ್ಕಿಬಂದ ಕಡಲು ತಗ್ಗಿನ ಭಾಗವನ್ನು ನುಂಗಿತು. ಆ ವೈಭವದ ದಿನಗಳಲ್ಲಿ ನಾವು ಬಂದ ರಸ್ತೆ ಇರಲೇ ಇಲ್ಲ. ಜನ ಓಡಾಡುತ್ತಿದ್ದುದು ದೋಣಿಯಲ್ಲಿ, ಇಲ್ಲವೆ ಮೆಟ್ಟಿಲುದಾರಿಯಲ್ಲಿ. ಊರುಗಳೆಲ್ಲ ಕಡಲಿಗೆ ಮುಖಮಾಡಿ ನಿಂತಿವೆ. ರಸ್ತೆಯೆಂಬುದು ನಿನ್ನೆ ಮೊನ್ನೆ ತೆರೆದ ಹಿತ್ತಿಲ ಬಾಗಿಲು.

ಮರುದಿನ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮಿನೋರಿಗೆ ಹೋದೆವು. ಅಲ್ಲಿಂದ ಮಯೋರಿಯವರೆಗೆ 'ನಿಂಬೆಯ ದಾರಿ' ಎಂಬ ಹಳೆಯ ಕಾಲುದಾರಿಯಿದೆ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಗೋಡೆ ಕಟ್ಟಿ, ಚೆಸ್ಟ್‌ನಟ್ ಮರದ ಗಳುಗಳ ಚಪ್ಪರದಡಿಯಲ್ಲಿ ನಿಂಬೆ ಬೆಳೆಯುತ್ತಾರೆ. ನಮ್ಮ ಗುಂಡು ನಿಂಬೆಯಲ್ಲ. ಎರಡು ತುದಿಯೂ ಚೂಪಾದ, ಅಂಗೈ ತುಂಬುವ ಹಣ್ಣು. ಹಿಂದೆ ಈ ಹಣ್ಣುಗಳನ್ನು ಕಡಲ ತೀರಕ್ಕೆ ಹೊತ್ತು ಇಳಿಸುತ್ತಿದ್ದವರು ಹೆಂಗಸರು; ೫೦ ಕಿಲೋಗ್ರಾಮಿಗೂ ಮೀರಿದ ಹೊರೆ ಹೊತ್ತು ಸಾಲಾಗಿ ಇಳಿಯುತ್ತಿದ್ದ ಅವರನ್ನು ಊರವರು 'ಪುಟ್ಟ ಇರುವೆಗಳು' ಎಂದೇ ಕರೆಯುತ್ತಿದ್ದರು. ಬರಿಗೈಯಲ್ಲಿ ಹತ್ತುತ್ತಿದ್ದ ನಾನು ನೂರು ಮೆಟ್ಟಿಲಿಗೇ ಏದುಸಿರು ಬಿಟ್ಟೆ. ಹಿಂದಿನ ದಿನ ಕಣ್ಣು ಮುಚ್ಚಿ ಕುಳಿತಿದ್ದವಳು ಅದೇ ಪ್ರಪಾತದ ಅಂಚಿನಲ್ಲಿ ಮುಂದೆ ಮುಂದೆ ನಡೆದಳು. ಒಂದು ತಿರುವಿನಲ್ಲಿ ನಿಂತು, "ಅಲ್ಲಿ ನೋಡಿ!" ಎಂದಳು. ನೋಡಿದೆ. ಇಬ್ಬರೂ ಒಂದೇ ಕಡಲನ್ನು ಒಟ್ಟಿಗೆ ಕಂಡುದು ಅದೇ ಮೊದಲು.

ಸಂಜೆ ಅಮಾಲ್ಫಿಯಿಂದ ಪೊಸಿಟಾನೊಗೆ ದೋಣಿಯಲ್ಲಿ ಹೋದೆವು. ನೀರಿನಿಂದ ನೋಡಿದರೆ ಆ ಭಯಂಕರ ರಸ್ತೆ ಬೆಟ್ಟದ ಎದೆಗೆ ಸುತ್ತಿದ ದಾರದಂತಿತ್ತು. "ಅಲ್ಲಿಯೇ ಅಲ್ಲವೆ ನಾನು ಇಳಿದದ್ದು?" ಎಂದು ಬೆರಳಿಟ್ಟು ತೋರಿಸಿದಳು. "ಅಲ್ಲಿಯೇ. ನೀನು ಇಳಿಯದಿದ್ದರೆ ಇಂದಿಗೂ ನಾವು ಅಲ್ಲಿಯೇ ನಿಂತಿರುತ್ತಿದ್ದೆವು" ಎಂದೆ. ನಕ್ಕಳು.

ಉಳಿದ ಹಾದಿಯಲ್ಲಿ ಕಾರು ನಡೆಸಿದವಳು ಅವಳು; ಪರವಾನಗಿ ಇಬ್ಬರಿಗೂ ಇತ್ತು. ನಾನು ಕಡಲ ಕಡೆ ಕುಳಿತೆ. ಮಯೋರಿ ದಾಟಿ ಕಾಪೊ ದೋರ್ಸೊ ಭೂಶಿರವನ್ನು ಬಳಸುವಾಗ ಕೆಳಗೆ ನೋಡಿದವನಿಗೆ ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು.

"ಸಮುದ್ರ ಚೆನ್ನಾಗಿ ಕಾಣುತ್ತಿದೆಯೇ?" ಎಂದು ರಸ್ತೆಯ ಮೇಲಿನ ದೃಷ್ಟಿ ತೆಗೆಯದೆ ಕೇಳಿದಳು.

"ಬಹಳ ಚೆನ್ನಾಗಿ" ಎಂದೆ, ಕಣ್ಣು ಮುಚ್ಚಿಕೊಂಡೇ.